ಹುಡುಕುವ ಅರಸಿ

ಕಳೆದ ವಾರ ಅವೆನ್ಯೂ ರಸ್ತೆಯಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವವರೊಬ್ಬರ ಅಂಗಡಿಯ ಮುಂದೆ, ಬೆನ್ನು ಹರಿದ ನನ್ನ ನಿಘಂಟನ್ನು ಒಪ್ಪಿಸಿ ನಿಂತಿದ್ದೆ. ಮೂಲೆಯ ಒಲೆಯ ಮೇಲೆ ಮೈದಾ ಹಿಟ್ಟಿನ ಅಂಟು ಕುದಿಯುತ್ತಿತ್ತು. ಹುಳು ಹಿಡಿಯದಿರಲೆಂದು ಅದಕ್ಕೆ ಚಿಟಿಕೆ ಮೈಲುತುತ್ತ ಸೇರಿಸುತ್ತಾರೆ. ಆ ವಾಸನೆಯನ್ನು ಸುವಾಸನೆಯೆಂದು ಯಾರೂ ಹೊಗಳಲಾರರು. ಆದರೆ ಅದು ಮೂಗಿಗೆ ಬಡಿದೊಡನೆ ಕಿವಿಗಳು ಬಿಸಿಯಾಗುವುದು ಬಹುಶಃ ನನ್ನೊಬ್ಬನಿಗೆ ಮಾತ್ರ. ಯುದ್ಧ ಮುಗಿದ ಹೊಸತರಲ್ಲಿ, ಇಂಥದೇ ಅಂಟನ್ನು ಬಟ್ಟಲಿನಲ್ಲಿಟ್ಟುಕೊಂಡು, ನಾನೇ ಹಾಕಿದ ಒಂದು ಅಕ್ಷರವನ್ನು ಮುಚ್ಚುತ್ತ ಮೂರು ದಿನ ಕುಳಿತಿದ್ದೆ. ಆ ಅಕ್ಷರದ ಕಥೆಯನ್ನು ಹೇಳಬೇಕಾದರೆ, ವಾಚಕರೇ, ಮೊದಲು ನನ್ನ ಅವಸ್ಥೆಯನ್ನು ಸ್ವಲ್ಪ ನಿವೇದಿಸಿಕೊಳ್ಳಬೇಕು.

ನಮ್ಮ ವಂಶದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗ. ತಂದೆಯವರು ಪೇಟೆಯ ಒಂದು ಮಗ್ಗದ ಮನೆಯಲ್ಲಿ ನೂಲು ಸುತ್ತುತ್ತಿದ್ದರು. ನಮ್ಮ ಮನೆಯ ಮಾತಿನಲ್ಲಿ ಹಕಾರವೇ ಇರಲಿಲ್ಲ. ಹಾಲು ಆಲಾಗಿತ್ತು, ಹಬ್ಬ ಅಬ್ಬವಾಗಿತ್ತು. ಹಾಗಿದ್ದೂ ಹಾಲು ಬೆಳ್ಳಗೇ ಇತ್ತು, ಹಬ್ಬಕ್ಕೆ ಒಬ್ಬಟ್ಟೂ ಆಗುತ್ತಿತ್ತು. ಕಾಲೇಜು ಸೇರಿದ ಮೊದಲ ವಾರ, ಬಸವನಗುಡಿಯ ಸಹಪಾಠಿಯೊಬ್ಬನಿಗೆ, “ನಮ್ಮ ಬೀದೀಲಿ ಒಬ್ಬರು ತುಂಬ ಚೆನ್ನಾಗಿ ಆಡು ಹೇಳ್ತಾರೆ” ಎಂದೆ. ‘ಹೇಳ್ತಾರೆ’ ಎಂಬಲ್ಲಿ ಜಾಗ್ರತೆಯಿಂದಿದ್ದವನು ‘ಹಾಡಿ’ನಲ್ಲಿ ಜಾರಿದ್ದೆ. ಅವನು ಮುಖವನ್ನು ಒಂದಿಷ್ಟೂ ಸಡಿಲಿಸದೆ, “ಆಡು ಹೇಳ್ತಾರೋ, ಆಡು ಮೇಯಿಸ್ತಾರೋ?” ಎಂದು ಕೇಳಿದ. ಅಂದಿನಿಂದ ಎಲ್ಲಿ ಸಂಶಯ ಬಂದರೂ ಅಲ್ಲೊಂದು ಹಕಾರವನ್ನು ಹಾಕಿಬಿಡುವುದು ನನಗೆ ರೂಢಿಯಾಯಿತು. ತರಗತಿಯಲ್ಲಿ ಎದ್ದು ನಿಂತು ಆನೆಯನ್ನು ‘ಹಾನೆ’ ಎಂದು ಓದಿದ ಕೀರ್ತಿಯೂ ನನ್ನದೇ.

ಆ ಹಾಡು ಹೇಳುವವರು ಪುಟ್ಟನಂಜಮ್ಮನವರು. ಚಾಮರಾಜಪೇಟೆಯ ನಮ್ಮ ಬೀದಿಯ ಕೊನೆಯ ಹೆಂಚಿನ ಮನೆ ಅವರದು. ಅವರಿಗೆ ಅರಮನೆಯ ಆಶ್ರಯವಿರಲಿಲ್ಲ, ನಾಟಕದ ಕಂಪನಿಯ ಸಂಬಳವೂ ಇರಲಿಲ್ಲ. ಮೂವತ್ತು ವರ್ಷಗಳ ಕಾಲ ಮದುವೆಮನೆ, ಭಜನೆಮನೆ, ಪೇಟೆಯ ಚಪ್ಪರ ಎಂದು ಕರೆದಲ್ಲಿಗೆಲ್ಲ ಹಾರ್ಮೋನಿಯಂ ಪೆಟ್ಟಿಗೆಯನ್ನು ತಾವೇ ಜಟಕಾಗೆ ಏರಿಸಿಕೊಂಡು ಹೋಗಿ ಹಾಡಿ ಬಂದವರು. “ಒಬ್ರ ಕೈಕೆಳ್ಗಿದ್ರೆ ಅವ್ರಿಗೆ ಬೇಕಾದಂಗೆ ಆಡ್ಬೇಕು ಕಣಪ್ಪ. ನಂಗೆ ಬೇಕಾದಂಗೆ ಆಡೋಕೇ ಒಂದು ಜನ್ಮ ಸಾಲ್ದು” ಎನ್ನುತ್ತಿದ್ದರು. ಅವರನ್ನು ಎಂದೂ ಕರೆಯದಿದ್ದವರು ಬಸವನಗುಡಿಯ ರಾಮೋತ್ಸವದವರು ಮಾತ್ರ. ಕಂಠವೇನೋ ಒಳ್ಳೆಯದು, ಉಚ್ಚಾರಣೆ ಪೇಟೆಯದು ಎಂಬುದು ಅಲ್ಲಿಯವರ ಅಭಿಪ್ರಾಯವಂತೆ. ಅವರಲ್ಲಿ ಯಾರಾದರೂ ಆಕೆಯ ಹಾಡನ್ನು ಕೂತು ಕೇಳಿದ್ದರೆಂದು ನನಗೆ ತೋರುವುದಿಲ್ಲ.

ವಯಸ್ಸಿನಲ್ಲಿದ್ದಾಗ ಆಕೆ ಮದರಾಸಿನ ಒಂದು ಸಣ್ಣ ಕಂಪನಿಗೆ ಆರು ಗ್ರಾಮಫೋನ್ ಪ್ಲೇಟು ಹಾಡಿ ಕೊಟ್ಟಿದ್ದರು. ಅವು ನಮ್ಮ ಪೇಟೆಗಳಲ್ಲೆಲ್ಲ ತಿರುಗಿದುವು. ಆಮೇಲೆ ಯುದ್ಧ ಬಂತು, ಪ್ಲೇಟು ಮಾಡುವ ಅರಗಿಗೆ ಅಭಾವ ಬಂತು. ಹಳೆಯ ಪ್ಲೇಟನ್ನು ತಂದುಕೊಟ್ಟರಷ್ಟೇ ಹೊಸದು ಎಂದು ಅಂಗಡಿಯವರು ಹೇಳಿದಾಗ, ಜನ ಮನೆಯಲ್ಲಿದ್ದ ಪುಟ್ಟನಂಜಮ್ಮನವರನ್ನು ಕೊಟ್ಟು ಹೊಸ ಹಾಡುಗಾರರನ್ನು ತಂದರು. “ನನ್ನೇ ಕರಗ್ಸಿ ಇನ್ಯಾರ್ನೋ ಉಯ್ದ್ರು ನೋಡು” ಎಂದು ಆಕೆ ನಗುತ್ತಿದ್ದರು. ನಕ್ಕು ಸುಮ್ಮನೆ ಕೂರುವ ಹೆಂಗಸಲ್ಲ. ಕಂಪನಿ ಮುಚ್ಚಿಹೋಗಿದ್ದರೂ ಪ್ಲೇಟು ಒತ್ತುವ ತಾಮ್ರದ ಅಚ್ಚುಗಳು ಮದರಾಸಿನ ಒಂದು ಗೋದಾಮಿನಲ್ಲಿವೆಯೆಂದು ತಿಳಿದು, ಒಬ್ಬರೇ ರೈಲು ಹತ್ತಿ ಹೋಗಿ ಅವುಗಳ ಹಕ್ಕನ್ನು ಬರೆಸಿಕೊಂಡು ಬಂದರು. ಕಲ್ಕತ್ತೆಯ ಕಾರ್ಖಾನೆಯೊಂದು ಮರಳಿ ಒತ್ತಿಕೊಡಲು ಒಪ್ಪಿತು. ಪ್ಲೇಟಿನ ನಡುವೆ ಅಂಟುವ ದುಂಡು ಚೀಟಿಯ ಬರಹವನ್ನು ಮಾತ್ರ ಇಲ್ಲಿಂದಲೇ ಕಳುಹಿಸಬೇಕಾಗಿತ್ತು.

ಆಕೆಗೆ ಓದು ಬರಹವಿರಲಿಲ್ಲ. ಬೀದಿಗೆ ಒಬ್ಬನೇ ಪದವೀಧರನಾದ ನನಗೆ ಕರೆ ಬಂತು.

“ಬನ್ನಿ ಬಿ.ಎ. ಸಾಯೇಬ್ರೇ. ನಾಕಕ್ಷರ ಬರ್ಕೊಡಿ. ತಪ್ಪಿರಬಾರ್ದು ನೋಡಪ್ಪ. ಬಸವನಗುಡಿಯೋರು ಇದುನ್ನ ಕೈಲಿಡ್ದು ಓದ್ತಾರೆ.”

ಮೊದಲು ಹೊರಬರಬೇಕಾದ ಪ್ಲೇಟಿನ ಹಾಡನ್ನು ಆಕೆಯ ಗುರುಗಳೇ ಶ್ರೀರಾಮನ ಮೇಲೆ ಕಟ್ಟಿದ್ದರು. ಉಳಿದಿದ್ದ ಒಂದೇ ಹಳೆಯ ಪ್ರತಿಯನ್ನು ಗ್ರಾಮಫೋನಿಗೆ ಹಾಕಿ ಕೇಳಿಸಿದರು: ‘ಅರಸಿ ಬಂದೆನು ನಿನ್ನ, ಹೊಸಿಲ ದಾಟಿಸೆನ್ನ.’ ಕೇಳಿದೊಡನೆ ನನ್ನ ವಿದ್ಯೆ ಜಾಗೃತವಾಯಿತು. ಪಾಪ, ಈಕೆಯೂ ನಮ್ಮ ಅಮ್ಮನಂತೆಯೇ. ‘ಹರಸಿ’ ಎನ್ನಬೇಕಾದಲ್ಲಿ ‘ಅರಸಿ’ ಎಂದಿದ್ದಾರೆ. ಚೀಟಿಯಲ್ಲಾದರೂ ಶುದ್ಧವಾಗಿರಲಿ. ಹೀಗೆ ಯೋಚಿಸಿ, ದುಂಡಗಿನ ಅಕ್ಷರಗಳಲ್ಲಿ ‘ಹರಸಿ ಬಂದೆನು ನಿನ್ನ’ ಎಂದು ಬರೆದು, ಆಕೆಯ ಮಾನವನ್ನು ಕಾಪಾಡಿದ ತೃಪ್ತಿಯಿಂದ ಮನೆಗೆ ಬಂದೆ. ಎರಡನೆಯ ಸಾಲನ್ನು ಗಮನವಿಟ್ಟು ಕೇಳಲೇ ಇಲ್ಲ.

ರಾಮೋತ್ಸವಕ್ಕೆ ಎರಡು ವಾರವಿರುವಾಗ ಪೆಟ್ಟಿಗೆಗಳು ಬಂದುವು. ಸಂಜೆ ನಾನು ಹೋಗುವ ವೇಳೆಗೆ ಆಕೆ ಪ್ಲೇಟುಗಳನ್ನು ಚಾಪೆಯ ಮೇಲೆ ಜೋಡಿಸಿ, ಒಂದಕ್ಕೆ ಕುಂಕುಮವನ್ನೂ ಇಟ್ಟಿದ್ದರು.

“ಓದು, ಕೇಳೋಣ.”

ನಾನು ಸಭೆಯಲ್ಲಿ ಓದುವವನಂತೆ ಗಂಟಲು ಸರಿಮಾಡಿಕೊಂಡು, “ಹರಸಿ ಬಂದೆನು ನಿನ್ನ” ಎಂದೆ.

“ಅದೇನು, ಮೊದ್ಲಿಗೆ ಉಸ್ರು ಬಿಟ್ಟೆ?”

“ಅದು ಹಕಾರ ಅಮ್ಮ. ಹರಸಿ.”

ಆಕೆ ಕುಂಕುಮದ ಬಟ್ಟಲನ್ನು ಪಕ್ಕಕ್ಕಿಟ್ಟರು. “ಅದು ಉಡ್ಕೋ ಅರಸಿ ಕಣಪ್ಪ. ಆಶೀರ್ವಾದದ್ ಅರಸಿ ಅಲ್ಲ. ದೇವ್ರಿಗೆ ಆಶೀರ್ವಾದ ಮಾಡೋಕೆ ನಾನ್ಯಾರು?”

ನಾನು ಸಮರ್ಥನೆಗೆ ಏನನ್ನೋ ಹೇಳತೊಡಗಿದೆ. ಆಕೆ ಕೇಳಿಸಿಕೊಳ್ಳದೆ ನನ್ನ ಬಲಗೈಯನ್ನು ಹಿಡಿದು, ಅಂಗೈಯನ್ನು ತಮ್ಮ ಬಾಯ ಮುಂದೆ ನಿಲ್ಲಿಸಿಕೊಂಡು ಹಾಡಿದರು. ‘ಅರಸಿ ಬಂದೆನು’ ಎಂದಾಗ ಅಂಗೈಗೆ ಏನೂ ತಾಗಲಿಲ್ಲ. ‘ಹೊಸಿಲ’ ಎಂದಾಗ ಬೆಚ್ಚನೆಯ ಉಸಿರು ಅಂಗೈಯ ನಡುವೆ ಬಂದು ಬಿತ್ತು.

“ನಮ್ಮ ಮೇಷ್ಟ್ರು ಇಂಗೇ ಕಲ್ಸಿದ್ದು. ಕೈಗೆ ತಾಗ್ದಿದ್ರೆ ಆ ಕೈನಲ್ಲೇ ಏಟು. ಮಾತಲ್ಲಿ ಆ ಉಸ್ರು ಬುಟ್ಟೋಗ್ತದೆ, ಅದು ನಮ್ಮನೆ ಮಾತು. ಆಡಲ್ಲಿ ಒಂದಿನಾನೂ ಬುಟ್ಟಿಲ್ಲ.” ಅನಂತರ ದನಿ ತಗ್ಗಿಸಿ, “ಬೆಳಿಗ್ಗೇನೇ ಒಂದು ಪ್ಲೇಟು ಉತ್ಸವದ ಕಾರ್ಯದರ್ಶಿಗಳ ಮನೇಗೆ ಕೊಟ್ಟು ಬಂದ್ಬುಟ್ಟೆ. ಈ ಸಲನಾದ್ರೂ ಕೇಳ್ಲಿ ಅಂತ. ನೀನು ಓಗ್ತೀಯೋ, ನಾನೇ ಓಗ್ಲೋ?” ಎಂದರು.

ಬೈದಿದ್ದರೆ ಸಹಿಸುವುದು ಸುಲಭವಾಗುತ್ತಿತ್ತು. ಮೂವತ್ತು ವರ್ಷ ಆಕೆ ಮಾಡದ ತಪ್ಪನ್ನು, ಆಕೆಯ ಹೆಸರಿನ ಕೆಳಗೇ, ಅಳಿಸಲಾಗದಂತೆ ನಾನು ಅಚ್ಚು ಹಾಕಿಸಿದ್ದೆ.

ಕಾರ್ಯದರ್ಶಿಗಳ ಮನೆಯ ಜಗಲಿಯಲ್ಲಿ ಅವರೂ ಇಬ್ಬರು ಸ್ನೇಹಿತರೂ ಕುಳಿತಿದ್ದರು. ಪ್ಲೇಟು ಕಾರ್ಯದರ್ಶಿಗಳ ಮಡಿಲಲ್ಲೇ ಇತ್ತು. ಪುಟ್ಟನಂಜಮ್ಮನವರ ಪ್ಲೇಟಿನ ವಿಷಯವೆಂದೊಡನೆ ಅವರು ನನಗೂ ಸ್ನೇಹಿತರಿಗೂ ಕೇಳುವಂತೆ ಹೇಳಿದರು:

“ಬನ್ನಿ, ಬನ್ನಿ, ಇಲ್ನೋಡಿ. ಈಯಮ್ಮ ಶ್ರೀರಾಮನಿಗೇ ಆಶೀರ್ವಾದ ಮಾಡಿ ಬಂದಿದಾರೆ. ನಾನು ಮೊದ್ಲೇ ಹೇಳ್ಲಿಲ್ವೇ? ಪೇಟೆಯೋರಿಗೆ ಅ ಯಾವುದು ಹ ಯಾವುದು, ಎಲ್ಲ ಒಂದೇ.”

ಸ್ನೇಹಿತರು ನಕ್ಕರು. ಕಲ್ಕತ್ತೆಯ ಮುದ್ರಕರಿಗೆ ಕನ್ನಡ ಬಾರದು, ತಪ್ಪು ಅವರದು ಎಂಬ ಸೊಗಸಾದ ವಾಕ್ಯವೊಂದನ್ನು ದಾರಿಯುದ್ದಕ್ಕೂ ಸಿದ್ಧಪಡಿಸಿಕೊಂಡು ಬಂದಿದ್ದೆ. ಅದರಲ್ಲಿ ವ್ಯಾಕರಣದೋಷವೂ ಇರಲಿಲ್ಲ. ಬಾಯಿ ತೆರೆದಾಗ ಬೇರೊಂದು ವಾಕ್ಯ ಹೊರಬಂತು.

“ಸ್ವಾಮಿ, ಅದನ್ನು ಬರೆದವನು ನಾನು.”

“ನೀವೇ? ಏನು ಓದಿದೀರಿ?”

“ಬಿ.ಎ.”

“ಕನ್ನಡ ತಗೊಂಡಿದ್ರೋ?”

“ಅದೇ ನನ್ನ ವಿಷಯ ಸ್ವಾಮಿ.”

ಈ ಬಾರಿಯ ನಗು ಸಾಕಷ್ಟು ಹೊತ್ತು ನಡೆಯಿತು. ಅದು ನಿಂತ ಮೇಲೆ, “ನಾನೂ ಪೇಟೆಯವನೇ. ನಮ್ಮ ಮನೆಯಲ್ಲಿ ಹಕಾರವಿಲ್ಲದ್ದರಿಂದ ಅವರಲ್ಲಿಯೂ ಇಲ್ಲವೆಂದುಕೊಂಡೆ. ಅವರು ಸರಿಯಾಗಿಯೇ ಹಾಡಿದ್ದಾರೆ. ದಯವಿಟ್ಟು ಒಂದು ಸಲ ಕೇಳಿ” ಎಂದೆ.

ಕಾರ್ಯದರ್ಶಿಗಳು ನನ್ನನ್ನು ಅಳೆಯುವಂತೆ ನೋಡಿ ಒಳಗಿನಿಂದ ಗ್ರಾಮಫೋನು ತರಿಸಿದರು. ‘ಅರಸಿ ಬಂದೆನು’ ಎಂಬಲ್ಲಿ ಅವರ ತುಟಿಯ ಮೇಲೆ ನಗುವಿತ್ತು. ‘ಹೊಸಿಲ’ ಎಂಬಲ್ಲಿ ತಲೆ ಎತ್ತಿದರು. ಪ್ಲೇಟು ಮುಗಿದ ಮೇಲೆ ತಾವೇ ಎದ್ದು ಕೀಲಿ ತಿರುಗಿಸಿ ಮೊದಲಿನಿಂದ ಹಾಕಿದರು. ಸ್ನೇಹಿತರಲ್ಲೊಬ್ಬರು ಏನೋ ಹೇಳಹೋದಾಗ ಕೈಸನ್ನೆಯಿಂದ ತಡೆದರು.

“ನಾಲ್ಕನೇ ದಿನ, ಮಧ್ಯಾಹ್ನ ನಾಲ್ಕು ಗಂಟೆಗೆ ಖಾಲಿ ಇದೆ. ಸಂಜೆ ಕೊಡೋಕಾಗಲ್ಲ. ಬರ್ತಾರಾ ಕೇಳಿ” ಎಂದರು.

ಬಿಸಿಲಿಳಿಯದ ಆ ಹೊತ್ತಿನಲ್ಲಿ ಚಪ್ಪರದ ಕೆಳಗೆ ಇದ್ದವರು ಹೆಚ್ಚಾಗಿ ವೃದ್ಧರು, ಅವರಲ್ಲಿಯೂ ಕೆಲವರು ತೂಕಡಿಸುತ್ತಿದ್ದರು. ಪುಟ್ಟನಂಜಮ್ಮನವರು ಎರಡು ಗಂಟೆ ಹಾಡಿದರು. ಕಾರ್ಯದರ್ಶಿಗಳು ಕೊನೆಯವರೆಗೂ ಕಂಬಕ್ಕೆ ಒರಗಿ ನಿಂತಿದ್ದರು. ಮುಂದಿನ ವರ್ಷ ಸಂಜೆಯ ಹೊತ್ತು ಸಿಕ್ಕಿತೆಂದು ಬರೆಯಲು ನನಗೆ ಆಸೆಯಿದೆ. ಸಿಕ್ಕಿದ್ದು ಐದು ಗಂಟೆ.

ಉತ್ಸವಕ್ಕೆ ಮುಂಚಿನ ಆ ದಿನಗಳಲ್ಲೇ ನಾನು ಸುಲ್ತಾನ್‌ಪೇಟೆಗೆ ಓಡಿ, ಲಗ್ನಪತ್ರಿಕೆ ಅಚ್ಚುಹಾಕುವವರಲ್ಲಿ ‘ಅರಸಿ’ ಎಂಬ ಒಂದೇ ಪದದ ಸಣ್ಣ ಚೀಟಿಗಳನ್ನು ಮಾಡಿಸಿದೆ. ಅವರು ನನ್ನ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ, “ಹುಡುಗಿ ಹೆಸರು ಸಿಕ್ತು ಸಾರ್. ವರನ ಹೆಸರು?” ಎಂದು ಕೇಳಿದರು. ಮೂರು ದಿನ ಅಂಟಿಸಿದೆ. ಆಕೆ ಎದುರು ಕುಳಿತು, ಒಣಗಿದವನ್ನು ಎತ್ತಿಡುತ್ತ, “ವರ ಸಿಕ್ಕಿದ್ನಾ?” ಎಂದು ಆಗಾಗ ವಿಚಾರಿಸುತ್ತಿದ್ದರು.

ನಾನು ಆಕೆಗೆ ಕೃತಜ್ಞನಾಗಿರುವುದು ಕ್ಷಮಿಸಿದರೆಂದಷ್ಟೇ ಅಲ್ಲ. ಉಳಿದ ಐದು ಪ್ಲೇಟುಗಳನ್ನು ವರ್ಷಕ್ಕೊಂದರಂತೆ ಹೊರತಂದಾಗ, ಬೀದಿಯಲ್ಲಿ ಇನ್ನೂ ಇಬ್ಬರು ಪದವೀಧರರಾಗಿದ್ದರೂ, ಐದರ ಚೀಟಿಗಳನ್ನೂ ನನ್ನಿಂದಲೇ ಬರೆಸಿದರು. ಒಂದೊಂದು ಸಾಲನ್ನೂ ನನ್ನ ಅಂಗೈಗೆ ಹಾಡಿದ ಮೇಲೆಯೇ ಲೇಖನಿ ಹಿಡಿಯಲು ಅಪ್ಪಣೆ. ಕಾಲೇಜು ಕಲಿಸದೆ ಬಿಟ್ಟ ಅಕ್ಷರವನ್ನು ನಾನು ಕಲಿತದ್ದು ಹಾಗೆ.

ಈ ಪ್ರಬಂಧವನ್ನು ಬರೆದು ಮುಗಿಸಿ ನಿನ್ನೆ ಆಕೆಯ ಮನೆಗೆ ಒಯ್ದು ಓದಿದೆ. ಹಾರ್ಮೋನಿಯಂ ಪಕ್ಕದಲ್ಲಿ ಕಣ್ಣು ಮುಚ್ಚಿ ಕೇಳುತ್ತಿದ್ದವರು ನಡುವೆ ತಡೆದರು.

“ಇದ್ಯಾರಪ್ಪ ಮಾತಾಡ್ತಿರೋದು?”

“ನೀವೇ ಅಮ್ಮ.”

“ನಾನೆಲ್ಲಿ ಇಂಗ್ ಮಾತಾಡ್ತೀನಿ?”

ಹಾಳೆಗಳನ್ನು ನೋಡಿದೆ. ಅಚ್ಚಿಗೆ ಹೋಗುವ ಬರಹವೆಂಬ ಗೌರವದಿಂದ, ಆಕೆಯ ಮಾತಿಗೆಲ್ಲ ನಾನು ಹಕಾರಗಳನ್ನು ತುಂಬಿಟ್ಟಿದ್ದೆ. ಅಲ್ಲಿಯೇ ಕುಳಿತು ಒಂದೊಂದನ್ನಾಗಿ ಹೊಡೆದುಹಾಕಿದೆ. ನೀವು ಈಗ ಓದಿರುವುದು ಆ ಪ್ರತಿಯನ್ನು. ತಿದ್ದಿದ ಮೇಲೆ ಆಕೆಯ ಮಾತುಗಳನ್ನಷ್ಟೇ ಮತ್ತೊಮ್ಮೆ ಓದಿದೆ.

“ಊಂ, ಇವಾಗ ನಾನೇ” ಎಂದರು. “ಇನ್ನು ಕಳ್ಸು.”