ಮೇಲಿನ ಅಟ್ಟಕ್ಕೆ ಕಾಣುವ ಬೈತಲೆ

ಗ್ರೀಸಿನ ಕಿಯೋಸ್ ದ್ವೀಪದ ತೆಂಕಣ ತುದಿಯ ಆ ಊರಿನ ಚರ್ಚಿನಲ್ಲಿ ಹೆಂಗಸರಿಗೆಂದೇ ಮೇಲೊಂದು ಮರದ ಅಟ್ಟವಿದೆ. ಮದುವೆ ಇದ್ದರೆ ವಯಸ್ಸಾದವರೆಲ್ಲ ಅಲ್ಲಿಗೆ ಹತ್ತಿ, ಕಟಕಟೆಗೆ ಮೊಣಕೈ ಊರಿ ಕೂರುತ್ತಾರೆ. ನೇರ ಕೆಳಗೆ ದೊಡ್ಡ ದೀಪಗೊಂಚಲು, ಅದರಡಿಯಲ್ಲಿ ವಧೂವರರು. ಅವರ ಹಿಂದೆ ನಿಂತು ಇಬ್ಬರ ತಲೆಯ ಮೇಲಿನ ಹೂಕಿರೀಟಗಳನ್ನು ಮೂರು ಸಲ ಅದಲುಬದಲು ಮಾಡುವವಳು ವಧುವಿನ ಆಪ್ತಗೆಳತಿ. ಅಟ್ಟದ ಮೇಲಿರುವವರಿಗೆ ಯಾರ ಮುಖವೂ ಸರಿಯಾಗಿ ಕಾಣುವುದಿಲ್ಲ. ನೆತ್ತಿ ಮಾತ್ರ ಚೆನ್ನಾಗಿ ಕಾಣುತ್ತದೆ.

ಅರ್ಗಿರೊಗೆ ಹೆದರಿಕೆ ಇದ್ದದ್ದು ಅದಕ್ಕೇ. ಮೂವತ್ತೊಂಬತ್ತರ ಹೆಂಗಸು, ಅಂಟು ಕೊಡುವ ಮಾಸ್ತಿಕಾ ಗಿಡಗಳ ತೋಟದಲ್ಲಿ ಗಂಡಸರ ಸಮಕ್ಕೆ ದುಡಿಯುವವಳು, ಎರಡು ಊರಿಗೆ ಕೇಳಿಸುವಂತೆ ನಗುವವಳು. ಆದರೆ ಅವಳ ಬೈತಲೆ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತ ಹೋಗಿತ್ತು. ಗೆಳತಿ ಪಗೋನಾಳ ಅಕ್ಕ ಮಗುವಿನ ನಾಮಕರಣಕ್ಕೆ ಧರ್ಮತಾಯಿಯಾಗಿ ಎಲ್ಲರೆದುರು ನಿಲ್ಲಲು ಕರೆದಾಗ ಜ್ವರವೆಂದು ತಪ್ಪಿಸಿಕೊಂಡಿದ್ದಳು. ಈಗ ಪಗೋನಾಳದೇ ಮದುವೆ ನವೆಂಬರಿಗೆ ಗೊತ್ತಾಗಿತ್ತು. ಕಿರೀಟ ಹಿಡಿಯಬೇಕಾದವಳು ಅರ್ಗಿರೊ. ಒಪ್ಪಿಕೊಂಡಳು, ಒಪ್ಪಿಕೊಂಡ ಮರುದಿನವೇ ಪಟ್ಟಣದ ಚರ್ಮದ ಡಾಕ್ಟರಲ್ಲಿಗೆ ಬಸ್ಸು ಹತ್ತಿದಳು.

ಅವಳ ಕಷ್ಟ ಒಂದಲ್ಲ. ತಲೆಯಲ್ಲಿ ಉದುರುವ ಕೂದಲು ಗದ್ದದಲ್ಲಿ ಹದಿನಾರನೇ ವಯಸ್ಸಿನಿಂದಲೇ ಬೆಳೆಯುತ್ತಿತ್ತು. ಆಂತಿಪ್ಪಿ ಚಿಕ್ಕಮ್ಮ ಸಕ್ಕರೆ, ನಿಂಬೆರಸ ಕಾಯಿಸಿ ಪಾಕ ಮಾಡಿ, ಬಿಸಿ ಆರುವ ಮೊದಲೇ ಗದ್ದಕ್ಕೆ ಮೆತ್ತಿ ಕಿತ್ತು ತೆಗೆಯುತ್ತಿದ್ದಳು. ದೇವರು ಕೂದಲೇನೋ ಕಳಿಸಿದ್ದಾನೆ, ವಿಳಾಸ ತಪ್ಪಾಗಿ ಬರೆದಿದ್ದಾನೆ ಎನ್ನುವುದು ಚಿಕ್ಕಮ್ಮನ ಹಳೆಯ ತಮಾಷೆ. ತಲೆಗೆಂದು ಮದ್ದು ತೆಗೆದುಕೊಂಡು ಮುಖವೆಲ್ಲ ಕೂದಲಾದರೆ ಏನು ಗತಿ? ಅಥೆನ್ಸಿನಲ್ಲಿದ್ದ ಸೋದರಸಂಬಂಧಿಯೊಬ್ಬಳಿಗೆ ಅಂಥದೇ ಮಾತ್ರೆಯಿಂದ ಮೊಣಕೈವರೆಗೂ ರೋಮ ಬಂದಿತ್ತಂತೆ.

ಡಾಕ್ಟರ್ ಫೋತಿನಿ ಇದನ್ನೆಲ್ಲ ಕೇಳಿಸಿಕೊಂಡು, ರಕ್ತ ಪರೀಕ್ಷೆ ಮಾಡಿಸಿ, ಬಿಡಿಸಿ ಹೇಳಿದರು. ನುಂಗುವ ಮಾತ್ರೆ ರಕ್ತದ ಜೊತೆ ಮೈಯೆಲ್ಲ ಸುತ್ತುತ್ತದೆ, ಅದು ಇವಳಿಗೆ ಬೇಡ. ಅದೇ ಮದ್ದನ್ನು ಹನಿಯಾಗಿ ನೆತ್ತಿಗೆ ಮಾತ್ರ ಹಚ್ಚಿಕೊಂಡರೆ ಬಹುಮಟ್ಟಿಗೆ ಅಲ್ಲೇ ಕೆಲಸ ಮಾಡುತ್ತದೆ. ಜೊತೆಗೆ ಬೇರೆ ಒಂದು ಮಾತ್ರೆ, ಮೈಯಲ್ಲಿ ಹೆಚ್ಚಾದ ಗಂಡು ಹಾರ್ಮೋನಿನ ಕೈ ಕಟ್ಟುವಂಥದ್ದು. ಅದರಿಂದ ಗದ್ದದ ಕೂದಲೂ ನಿಧಾನವಾಗಿ ಬಲಗುಂದುತ್ತದೆ. ಅದನ್ನು ತೆಗೆದುಕೊಳ್ಳುವಾಗ ಬಸಿರಾಗಬಾರದು, ಆಗಾಗ ರಕ್ತ ತೋರಿಸುತ್ತಿರಬೇಕು. ಹನಿ ಹಣೆಗೆ ಇಳಿಯಬಾರದು, ಹಚ್ಚಿದ ಮೇಲೆ ಕೈ ತೊಳೆಯಬೇಕು. ಮೊದಲು ಸ್ವಲ್ಪ ದಿನ ಇನ್ನೂ ಹೆಚ್ಚು ಉದುರಬಹುದು, ಹೆದರಿ ಬಿಡಬಾರದು.

ಉದುರಿತು, ಅವಳು ಬಿಡಲಿಲ್ಲ. ಈಸ್ಟರ್ ಕಳೆದು ಬೇಸಿಗೆ ಕಾಲಿಡುವ ಹೊತ್ತಿಗೆ ಬೈತಲೆಯ ಎರಡೂ ಬದಿ ಪುಟ್ಟ ಪುಟ್ಟ ಕೂದಲು ಸೆಟೆದು ನಿಂತಿದ್ದವು. ಅರ್ಗಿರೊ ಪಗೋನಾಳನ್ನು ಅಡುಗೆಮನೆಯ ಕಿಟಕಿಯ ಹತ್ತಿರ ಎಳೆದೊಯ್ದು ತಲೆ ಬಗ್ಗಿಸಿ ತೋರಿಸಿದಳು. ಪಗೋನಾ ಬೆರಳಾಡಿಸಿ ನೋಡಿ, ಹಕ್ಕಿಮರಿಯ ಬೆನ್ನಿನ ಹಾಗಿದೆ ಎಂದಳು. ಇಬ್ಬರೂ ಅಲ್ಲೇ ಕುಣಿದರು. ಮದುವೆಗೆ ಜಡೆ ಹೇಗೆ ಹಾಕಬೇಕೆಂಬ ಮಾತೂ ಅಂದೇ ಆಯಿತು.

ಜೂನಿನಲ್ಲಿ ತೋಟದ ಕೆಲಸ ಶುರುವಾಯಿತು. ಮಾಸ್ತಿಕಾ ಗಿಡದ ತೊಗಟೆಗೆ ಗೀರು ಹಾಕಿದರೆ ಅಂಟು ಹನಿಹನಿಯಾಗಿ ಕೆಳಗೆ ಬೀಳುತ್ತದೆ. ಅದು ಮಣ್ಣಾಗದಿರಲೆಂದು ಮೊದಲೇ ಗಿಡದ ಬುಡ ಗುಡಿಸಿ, ಬಿಳಿಮಣ್ಣಿನ ಪುಡಿ ಹರಡಿ ಸಮ ಮಾಡಬೇಕು. ಧೂಳು ಮೂಗಿಗೆ ಹೋಗದಂತೆ ಹೆಂಗಸರು ತಲೆವಸ್ತ್ರವನ್ನು ನೆತ್ತಿಯಿಂದ ಇಳಿಸಿ, ಕೆನ್ನೆ ಗದ್ದ ಸುತ್ತಿ, ಮತ್ತೆ ಮೇಲಕ್ಕೊಯ್ದು ಬಿಗಿಯುತ್ತಾರೆ. ಅರ್ಗಿರೊಳ ಮನೆಯಲ್ಲಿ ಇನ್ನೊಂದು ರೂಢಿಯಿತ್ತು. ಗುಡಿಸುವ ದಿನ ಕಟ್ಟಿದ ವಸ್ತ್ರವನ್ನು ಅಂಟು ಮನೆಗೆ ಬರುವವರೆಗೂ ಒಗೆಯುವಂತಿಲ್ಲ. ಒಗೆದರೆ ಗಿಡ ಹನಿ ಕೊಡುವುದು ನಿಲ್ಲಿಸುತ್ತದೆ ಎಂದು ಅವಳ ತಾಯಿ ನಂಬಿದ್ದರು.

ಜುಲೈ ಕೊನೆಯ ಶನಿವಾರ ಚಿಕ್ಕಮ್ಮ ಪಾಕದ ಬಟ್ಟಲು ಹಿಡಿದು ಕೂತವಳು ಕೈ ತಡೆದಳು.

"ಮುಖ ಬೆಳಕಿಗೆ ತಿರುಗ್ಸೇ. ಗದ್ದದ್ದು ನಂಗೊತ್ತು, ಅದು ನಮ್ಮನೆ ಆಸ್ತಿ. ಕೆನ್ನೆ ಮೇಲೆ ಇದ್ಯಾವುದೇ ಹೊಸಾದು?"

ಕನ್ನಡಿಯಲ್ಲಿ ಅರ್ಗಿರೊಗೂ ಕಂಡಿತು. ಕಿವಿಯ ಮುಂದಿನಿಂದ ದವಡೆವರೆಗೆ ಎರಡೂ ಕೆನ್ನೆಯಲ್ಲಿ ಕಪ್ಪು ನವಿರು. ಆ ಮದ್ದಿನ ಸೀಸೆ ಎತ್ತಿ ಬಿಸಾಕು ಎಂದು ಚಿಕ್ಕಮ್ಮ ಗದರಿದಳು. ಬಿಸಾಕಿದರೆ ಬಂದ ಕೂದಲೂ ಹೋಗುತ್ತದೆ, ಅಟ್ಟದ ಮುಂದೆ ಬೋಳು ನೆತ್ತಿ. ಇಟ್ಟುಕೊಂಡರೆ ಪಾದ್ರಿಯ ಮುಂದೆ ಗಡ್ಡ. ಎರಡರ ನಡುವೆ ಅರ್ಗಿರೊ ಒಂದೇ ತೀರ್ಮಾನಕ್ಕೆ ಬಂದಳು: ಕಿರೀಟವನ್ನು ಬೇರೆ ಯಾರಾದರೂ ಹಿಡಿಯಲಿ.

ಸೋಮವಾರ ಬೆಳಿಗ್ಗೆ ತೋಟದಲ್ಲಿ ಅದನ್ನು ಹೇಳಿಯೂಬಿಟ್ಟಳು. ಗಿಡದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ಪಗೋನಾ ಪೊರಕೆ ಕೆಳಗಿಟ್ಟಳು.

"ನಿಂಗೆ ಗಡ್ಡ ಮೀಸೆ ಎರಡೂ ಬರ್ಲಿ, ಕಿರೀಟ ಹಿಡಿಯೋಳು ನೀನೇ. ಎಲ್ಲಿ, ನೋಡೋಣ ತೆಗಿ ಆ ಬಟ್ಟೇನ."

ಅವಳೇ ಗಂಟು ಬಿಚ್ಚಿದಳು. ಬಿಸಿಲು ನೇರ ಕೆನ್ನೆಗೆ ಬಿತ್ತು. ಪಗೋನಾ ಕಣ್ಣು ಕಿರಿದು ಮಾಡಿ ಹತ್ತಿರ ಬಾಗಿದಳು.

"ಅರ್ಗಿರೊ, ಇದು ಪಟ್ಟಿ ಥರ ಇದೆಯಲ್ಲೇ. ಅಳತೆ ಹಿಡಿದು ಗೆರೆ ಎಳೆದಂಗೆ. ಮೂಗಿನ ಕಡೆ ಒಂದೆಳೇನೂ ಇಲ್ಲ."

ಅರ್ಗಿರೊ ಬೆರಳಿಟ್ಟು ಆ ಅಂಚನ್ನು ಸವರಿದಳು. ಕಿವಿಯಿಂದ ಗದ್ದಕ್ಕೆ, ಓರೆಯಾಗಿ. ಈ ಓರೆ ಅವಳಿಗೆ ಗೊತ್ತಿದ್ದದ್ದೇ, ದಿನಾ ಬೆಳಿಗ್ಗೆ ಅವಳ ಕೈಯೇ ಸಾಗುವ ದಾರಿ. ವಸ್ತ್ರವನ್ನು ಕಸಿದು ಮತ್ತೆ ಕಟ್ಟಿಕೊಂಡಳು. ಈಗ ಕಾಣ್ತಿದೆಯಾ ಎಂದು ಕೇಳಿದಳು. ನವಿರೆಲ್ಲ ಬಟ್ಟೆಯಡಿಗೆ ಸೇರಿತ್ತು, ಹೊರಗೆ ಒಂದೂ ಉಳಿದಿರಲಿಲ್ಲ. ಬಿಚ್ಚಿದಳು, ಮೂಗಿಗೆ ಹಿಡಿದಳು. ಬೆವರಿನ ವಾಸನೆ, ಮಣ್ಣಿನ ವಾಸನೆ, ಅವೆರಡರ ಅಡಿಯಲ್ಲಿ ಸೀಸೆಯ ಸ್ಪಿರಿಟ್ಟಿನ ಘಾಟು.

ನಸುಕಿನಲ್ಲಿ ಹನಿ ಹಚ್ಚಿಕೊಂಡು, ಒದ್ದೆ ನೆತ್ತಿಯ ಮೇಲೇ ವಸ್ತ್ರ ಬಿಗಿದು ತೋಟಕ್ಕೆ ಓಡುತ್ತಿದ್ದಳು. ಜೂನಿನಿಂದ ಅದೇ ವಸ್ತ್ರ, ಒಗೆಯದೆ. ಒಂದು ದಿನ ನೆತ್ತಿಗೆ ಬಂದ ಭಾಗ ಮರುದಿನ ಕೆನ್ನೆಗೆ. ತಲೆಯ ಮದ್ದನ್ನು ಅವಳೇ ದಿನಾ ಕೆನ್ನೆಗೆ ಪಟ್ಟು ಹಾಕಿಕೊಂಡಿದ್ದಳು.

ಫೋನಿಗೆ ಸಿಗ್ನಲ್ ಸಿಗುವುದು ತೋಟದ ಕಲ್ಲುಗೋಡೆಯ ಮೇಲೆ ಮಾತ್ರ. ಇಬ್ಬರೂ ಹತ್ತಿ ನಿಂತರು. ಅರ್ಗಿರೊ ಒಂದೇ ಉಸಿರಿಗೆ ಎಲ್ಲ ಹೇಳಿದಳು. ಆ ಕಡೆ ಡಾಕ್ಟರು ನಕ್ಕುಬಿಟ್ಟರು.

"ಅದೇ ಕಾರಣ ಇರ್ಬೇಕಮ್ಮ. ಆದ್ರೂ ನಾಳೆ ಬಂದು ಮುಖ ತೋರ್ಸಿ, ರಕ್ತಾನೂ ಇನ್ನೊಂದ್ಸಲ ನೋಡೋಣ. ಮದ್ದು ಮಾತ್ರ ಬಿಡ್ಬೇಡಿ. ಅದು ಕೆನ್ನೆಗೆ ತಾಕೋದು ನಿಂತ್ರೆ ಕೆಲವು ತಿಂಗಳಲ್ಲಿ ಅಲ್ಲಿನ ಕೂದ್ಲು ತಾನೇ ಹೋಗತ್ತೆ."

ಮರುದಿನ ಮುಖ ನೋಡಿ, ವಾರದ ಮೇಲೆ ರಕ್ತದ ವರದಿ ನೋಡಿ ಡಾಕ್ಟರು ಅದನ್ನೇ ಗಟ್ಟಿ ಮಾಡಿದರು. ಇನ್ನು ಮೇಲೆ ಮದ್ದಿನ ಹನಿ ಸಂಜೆಗೆ, ಮಲಗುವ ಹೊತ್ತಿಗೆ ಪೂರ್ತಿ ಆರಿರಬೇಕು. ದಿಂಬಿನ ಬಟ್ಟೆ ಆಗಾಗ ಬದಲಾಗಬೇಕು. ತಲೆವಸ್ತ್ರ ದಿನಾ ಒಗೆಯಬೇಕು. ಕೊನೆಯದಕ್ಕೆ ತಾಯಿ ಸುಲಭಕ್ಕೆ ಒಪ್ಪಲಿಲ್ಲ. ಅಂಟಿನ ಫಸಲು ಹೋದರೆ ನಿನ್ನ ಡಾಕ್ಟರಮ್ಮ ಬಂದು ಅಳ್ತಾಳಾ ಗಿಡದ ಕೆಳಗೆ ಎಂದು ಕೇಳಿದರು. ಕೊನೆಗೆ ಒಗೆದ ವಸ್ತ್ರವನ್ನು ಮಾಸ್ತಿಕಾ ಗಿಡದ ಮೇಲೆಯೇ ಒಣಗಿಸುವುದೆಂದು ರಾಜಿಯಾಯಿತು. ಆ ವರ್ಷವೂ ಅಂಟು ಎಂದಿನಷ್ಟೇ ಬಿತ್ತು.

ಸೆಪ್ಟೆಂಬರಿನಲ್ಲಿ ಚಿಕ್ಕಮ್ಮನ ಪಾಕ ಕೆನ್ನೆಯಿಂದ ತೆಗೆದ ನವಿರು ಅಕ್ಟೋಬರಿನಲ್ಲಿ ಅರ್ಧಕ್ಕರ್ಧ ಮರಳಲೇ ಇಲ್ಲ. ಮರಳಿದ್ದೂ ಬಣ್ಣಗೆಟ್ಟಿತ್ತು.

ಮದುವೆಯ ಸಂಜೆ ಅರ್ಗಿರೊ ವಸ್ತ್ರವಿಲ್ಲದೆ, ಕೂದಲನ್ನು ಹಿಂದಕ್ಕೆ ಬಾಚಿ ಜಡೆ ಹೆಣೆದು ದೀಪಗೊಂಚಲಿನಡಿ ನಿಂತಳು. ಬೈತಲೆ ಹದಿನೆಂಟರ ಹುಡುಗಿಯದಂತೆ ಆಗಿರಲಿಲ್ಲ. ಆದರೆ ನೆತ್ತಿ ಈಗ ಬೆಳ್ಳಗೆ ಹೊಳೆಯುತ್ತಿರಲಿಲ್ಲ. ಕಿರೀಟಗಳು ಮೂರು ಸಲ ಅತ್ತಿಂದಿತ್ತ ಆದವು. ಆಶೀರ್ವಾದಕ್ಕೆ ಎಲ್ಲರೂ ತಲೆ ಬಾಗಿಸಿದರು. ಎಲ್ಲರೂ ಎತ್ತಿದ ಮೇಲೂ ಅರ್ಗಿರೊ ಇನ್ನೊಂದಿಷ್ಟು ಹೊತ್ತು ಬಾಗಿಯೇ ಇದ್ದಳು.

ಮೇಲಿನ ಅಟ್ಟದಿಂದ ಆಂತಿಪ್ಪಿ ಚಿಕ್ಕಮ್ಮನ ಪಿಸುಮಾತು ಇಡೀ ಚರ್ಚಿಗೆ ಕೇಳಿಸಿತು.

"ಸ್ವಲ್ಪ ಎಡಕ್ಕೆ ಬಾರೇ, ದೀಪ ಅಡ್ಡ ಬರ್ತಿದೆ. ಇಲ್ಲಿರೋರೂ ನಿನ್ ಬೈತಲೆ ನೋಡ್ಬೇಕಂತೆ."