ಉದ್ಭವಿಸದ ಪ್ರಶ್ನೆ

ಮೊನ್ನೆ ಬಾಗಲಕೋಟೆಯಿಂದ ಇಳಕಲ್ಲಿಗೆ ಹೊರಟಿದ್ದೆ. ಹುನಗುಂದ ಇನ್ನೂ ದೂರವಿರುವಾಗಲೇ ಬಸ್ಸು ಒಂದು ಕ್ರಾಸಿನಲ್ಲಿ ಗಕ್ಕನೆ ನಿಂತಿತು. ಬ್ರೇಕಿನ ಸುಟ್ಟ ವಾಸನೆ ಮೂಗಿಗೆ ಬಡಿದು ನನ್ನ ತೂಕಡಿಕೆ ಹಾರಿಹೋಯಿತು. ಇಳಿಯುವವರಿಲ್ಲ, ಹತ್ತುವವರಿಲ್ಲ. ಹೊರಗೆ ಒಂದು ಬೇವಿನ ಗಿಡ, ಅದರ ಬುಡದಲ್ಲಿ ಮಲಗಿದ ನಾಯಿ, ಅಷ್ಟೇ. "ಯಾರೂ ಇಲ್ಲಲ್ರಿ, ಬಿಡ್ರಿ ಗಾಡಿ" ಎಂದು ಹಿಂದಿನ ಸೀಟಿನಿಂದ ಒಬ್ಬರು ರೇಗಿದರು. ಕಂಡಕ್ಟರ್ ಟಿಕೆಟ್ ಯಂತ್ರದಿಂದ ತಲೆ ಎತ್ತದೆ, "ನಿಲ್ಲಿಸಬೇಕ್ರಿ. ಆರ್ಡರ್ ಐತಿ" ಎಂದ.

ಆರ್ಡರ್ ಎಂಬ ಶಬ್ದ ಕಿವಿಗೆ ಬಿದ್ದರೆ ನನಗೆ ಮೊದಲು ಬರುವುದು ಅನುಮಾನ. ಏನು ಮಾಡಲಿ ಹೇಳಿ, ನಮ್ಮ ಮನೆತನವೇ ಹಾಗೆ. ಹಳೆಯ ಬಾಗಲಕೋಟೆಯ ಮನೆಯನ್ನು ಅಣೆಕಟ್ಟಿನ ಹಿನ್ನೀರಿಗೆ ಬಿಟ್ಟು ನವನಗರಕ್ಕೆ ಬಂದವರು ನಾವು. "ಸರಕಾರದವರು ಮಾಡಿಕೊಡ್ತಾರ" ಎಂದು ಯಾರಾದರೂ ಅಂದರೆ ಸಾಕು, "ಯಾವ ಸರಕಾರದವ? ಅವನ ಮನಿ ಎಲ್ಲೈತಿ?" ಎಂದು ಅಜ್ಜಿ ಎದ್ದು ಕೂರುತ್ತಿದ್ದಳು. ಅವಳ ಮೊಮ್ಮಗಳು ನಾನು. ಡಾಕ್ಟರು ನಕ್ಕರೂ ಸಂಶಯ, ನಗದಿದ್ದರೂ ಸಂಶಯ. "ನಿನ್ನ ಜೋಡಿ ಸಂಸಾರ ಅಂದ್ರ ಠಾಣೆದಾಗ ಕುಂತಂಗ" ಅಂತಾನೆ ನನ್ನ ಗಂಡ. ಅನ್ನಲಿ ಬಿಡಿ.

ಪಿಯುಸಿಯಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಿದ್ದ ನಮ್ಮ ಸರ್ ಮೇಲೂ ನನಗೆ ಗುಮಾನಿಯಿತ್ತು. ಅವರು ಶನಿವಾರ ಪುಸ್ತಕ ಮುಚ್ಚಿಸಿ ಆಟ ಆಡಿಸುತ್ತಿದ್ದರು. ಕಿಟಕಿ ಕಡೆಯ ಬೆಂಚುಗಳು ವಿಧಾನಸಭೆ, ಗೋಡೆ ಕಡೆಯವು ಇಲಾಖೆಗಳು, ನಡುವೆ ಕೈಗಂಟೆ ಹಿಡಿದ ಸರ್ ಸಭಾಧ್ಯಕ್ಷರು. ಶಾಸಕರಾದವರು ಪ್ರಶ್ನೆ ಕೇಳಬಹುದು, ಅಧಿಕಾರಿಗಳನ್ನು ಸಮಿತಿಯ ಮುಂದೆ ಕರೆಸಬಹುದು, ಬಜೆಟ್ಟಿಗೆ ಕತ್ತರಿ ಹಾಕಬಹುದು. ಇಲಾಖೆಯವರು ಮಂತ್ರಿಯ ಪರವಾಗಿ ಉತ್ತರ ಬರೆದುಕೊಂಡು ಬರಬೇಕು. ಇಷ್ಟಾದರೆ ಸರಿ, ಆದರೆ ಸರ್ ಒಂದು ವಿಚಿತ್ರ ನಿಯಮ ಮಾಡಿದ್ದರು. ಯಾರಿಗೆ ಯಾವ ಇಲಾಖೆಯಿಂದ ತೊಂದರೆಯಾಗಿದೆಯೋ ಅವರು ಅದೇ ಇಲಾಖೆಯ ಅಧಿಕಾರಿಯಾಗಿ ಕೂರಬೇಕು. ಈ ಮನುಷ್ಯ ನಮ್ಮ ಬಾಯಿ ಮುಚ್ಚಿಸಲು ಯಾರಿಂದಲೋ ಹೇಳಿಸಿಕೊಂಡು ಬಂದಿದ್ದಾನೆ ಎಂದೇ ನಾನು ತಿಳಿದಿದ್ದೆ.

ಹಾಗೆ ಬಸ್ಸಿನ ಇಲಾಖೆಯ ಮುಖ್ಯಸ್ಥೆಯಾದವಳು ನನ್ನ ಗೆಳತಿ ರುಕ್ಸಾನಾ. ಅವಳ ಊರು ಇದೇ ಕ್ರಾಸಿನಿಂದ ಒಳಗೆ. ಆಗ ಬಸ್ಸು ಇಲ್ಲಿ ನಿಲ್ಲುತ್ತಿರಲಿಲ್ಲ. ಡ್ರೈವರ್‌ಗೆ ಕರುಣೆ ಬಂದ ದಿನ ಅವಳಿಗೆ ಕಾಲೇಜು, ಬಾರದ ದಿನ ರಜೆ. "ಬಿಸಲಾಗ ರಸ್ತೆಕ್ಕ ನಿಂತು ಕೈ ಮಾಡೂದು ಇನ್ನ ಸಾಕು. ಬಸ್ ನಿಂತರ ಓದು, ಇಲ್ಲಂದ್ರ ಮನ್ಯಾಗಿರು" ಎಂದು ಅವಳ ಅಬ್ಬಾ ಹೇಳಿಯಾಗಿತ್ತು.

ಅವಳ ಪರವಾಗಿ ನಾನೇ ಶಾಸಕಿಯಾಗಿ ಗುಡುಗಿದೆ: "ಕ್ರಾಸಿನಲ್ಲಿ ಬಸ್ಸು ನಿಲ್ಲದಿರುವುದು ಇಲಾಖೆಯ ಗಮನಕ್ಕೆ ಬಂದಿದೆಯೇ? ಬಂದಿದ್ದರೆ ಕೈಗೊಂಡ ಕ್ರಮವೇನು?" ರುಕ್ಸಾನಾ ಎದ್ದು ನಿಂತು ಓದಿದಳು: "ಗಮನಕ್ಕೆ ಬಂದಿಲ್ಲ. ಕ್ರಮದ ಪ್ರಶ್ನೆ ಉದ್ಭವಿಸುವುದಿಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. ಆಟ ಮುಗಿದ ಮೇಲೆ, "ಏನ ನಿಂದು? ನಾ ನಿನಗಾಗಿ ಒದರಿದ್ರ ನೀ ನನಗ ಟೋಪಿ ಹಾಕ್ತಿ?" ಎಂದು ಜಗಳಕ್ಕೇ ನಿಂತೆ.

"ಡಿಪೋಕ್ಕ ಹೋಗಿ ಕೇಳಿಕೊಂಡು ಬಂದೇನಿ," ಅಂದಳು. "ಅಲ್ಲಿ ನಿಲುಗಡೆ ಅಂತನ ಇಲ್ಲವ್ವಾ. ಇಲ್ಲದ ನಿಲುಗಡೆಕ್ಕ ಯಾಕ ನಿಲ್ಲಲಿಲ್ಲ ಅಂತ ಯಾರನ್ನ ಕೇಳ್ತಿ? ನಿನ್ನ ಪ್ರಶ್ನೆನ ತಪ್ಪೈತಿ. ನಿಲುಗಡೆ ಯಾವಾಗ ಮಾಡ್ತೀರಿ ಅಂತ ಕೇಳು." ಎದುರಿನ ಬೆಂಚಿನಲ್ಲಿ ಕೂತಿದ್ದಕ್ಕೇ ಅವಳಿಗೆ ಅದು ಕಂಡಿತ್ತು. ನಾನು ಮಾತ್ರ, ಇದನ್ನೂ ಸರ್ ಹೇಳಿಕೊಟ್ಟಿರಬೇಕು ಎಂದುಕೊಂಡೆ.

ವಾರ್ಷಿಕೋತ್ಸವಕ್ಕೆ ನಮ್ಮ ಭಾಗದ ನಿಜವಾದ ಶಾಸಕರೇ ಬಂದರು. ಅವರ ಮುಂದೆ ನಮ್ಮ ಆಟ. ಈ ಸಲ ನಾನು ಪ್ರಶ್ನೆಯನ್ನು ನೆಟ್ಟಗೆ ಕೇಳಿದೆ. ರುಕ್ಸಾನಾ ಉತ್ತರ ಕೊಡುವ ಮೊದಲೇ ಶಾಸಕರು ನಗುತ್ತ ಮೊಬೈಲು ತೆಗೆದರು. "ಇಷ್ಟಕ್ಕ ಸದನ ಯಾಕವ್ವಾ? ಈಗ ಡಿಪೋಕ್ಕ ಫೋನ್ ಹಚ್ಚತೇನಿ, ನಾಳಿಂದ ನಿಲ್ಲತೈತಿ." ಚಪ್ಪಾಳೆಯೋ ಚಪ್ಪಾಳೆ.

ರುಕ್ಸಾನಾ ಕೂರಲಿಲ್ಲ. "ಸಾಹೇಬ್ರ, ಫೋನ್ ಬ್ಯಾಡ್ರಿ," ಅಂದಳು. "ಡಿಪೋದಾಗಿನ ಸಾಹೇಬ್ರು ಬದಲಾದ್ರ ನಿಮ್ಮ ಫೋನೂ ಅವರ ಜೋಡಿ ಹೋಗ್ತೈತಿ. ಸದನದಾಗ ಕೇಳ್ರಿ. ಮಂತ್ರಿಗಳು ಉತ್ತರ ಕೊಟ್ಟ ಮ್ಯಾಲ ಇಲಾಖೆಯವರಿಗೆ ತಪ್ಪಿಸಿಕೊಳ್ಳಾಕ ಬರಂಗಿಲ್ಲ."

ಪ್ರಿನ್ಸಿಪಾಲರ ಮುಖ ಕಪ್ಪಿಟ್ಟಿತು. ಶಾಸಕರು, "ಭಾಳ ಶಾಣ್ಯಾಕಿ ಅದಿ" ಎಂದು ನಕ್ಕು, ಫೋನನ್ನಂತೂ ಮಾಡಿಯೇಬಿಟ್ಟರು. ನಾನು ಸರ್ ಬಳಿ ಹೋಗಿ, "ನೀವ ಹೇಳಿಕೊಟ್ಟೀರಿ, ಹೌದಲ್ರಿ?" ಎಂದು ಕೇಳಿದೆ. "ನಾ ಹೇಳಿಕೊಟ್ಟಿದ್ರ ಇಷ್ಟು ಚಂದ ಬರ್ತಿರಲಿಲ್ಲವ್ವಾ" ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ಅದನ್ನೂ ನಾನು ನಂಬಲಿಲ್ಲ ನೋಡಿ.

ಬಸ್ಸು ಕೆಲವು ದಿನ ನಿಂತಿತು. ಡಿಪೋಗೆ ಹೊಸಬರು ಬಂದರು, ಬಸ್ಸು ಮತ್ತೆ ಧೂಳೆಬ್ಬಿಸಿಕೊಂಡು ಹೋಗತೊಡಗಿತು. ರುಕ್ಸಾನಾಳ ಓದು ಅಲ್ಲಿಗೇ ನಿಂತಿತು. ಸದನದಲ್ಲಿ ಕೇಳಿಸಬೇಕೆಂದು ಸರ್ ಅದೇ ಪ್ರಶ್ನೆಯನ್ನು ಬರೆದುಕೊಂಡು ಶಾಸಕರ ಮನೆಗೆ ಅಲೆಯುತ್ತಿದ್ದಾರೆ ಎಂದು ಕೇಳಿದ್ದೆ. ಚುನಾವಣೆಯ ಟಿಕೆಟ್ಟಿನ ಆಸೆ ಇರಬೇಕು ಎಂದು ಮೂಗು ಮುರಿದಿದ್ದೆ. ರುಕ್ಸಾನಾ ಈಗ ಇಳಕಲ್ಲಿನಲ್ಲಿ ಸೀರೆ ಅಂಗಡಿಯ ಸೊಸೆ. ಮೊನ್ನೆ ನಾನು ಹೊರಟಿದ್ದೂ ಅವಳ ಮನೆಗೇ.

"ಬಂದ್ರು ನೋಡ್ರಿ" ಎಂದ ಕಂಡಕ್ಟರ್. ಹೊಲದ ದಾರಿಯಿಂದ ಮೂರ್ನಾಲ್ಕು ಹುಡುಗಿಯರು ಚೀಲ ಹೊತ್ತು ಬರುತ್ತಿದ್ದರು. ಓಡುತ್ತಿರಲಿಲ್ಲ. ಬಸ್ಸು ನಿಂತೇ ನಿಲ್ಲುತ್ತದೆ ಎಂಬ ಧೈರ್ಯದಲ್ಲಿ, ಹರಟುತ್ತ, ಆರಾಮಾಗಿ ನಡೆದು ಬಂದರು. ಒಬ್ಬಳು "ಸರೀರಿ ಅಕ್ಕಾ" ಎಂದು ಪಕ್ಕದಲ್ಲಿ ಕೂತಳು. ನನ್ನ ಚಾಳಿ ಬಿಡಬೇಕಲ್ಲ, ಕೇಳಿಯೇಬಿಟ್ಟೆ: "ಈ ನಿಲುಗಡೆ ಯಾರು ಮಾಡಿಸಿದ್ರವ್ವಾ? ಯಾವ ಸಾಹೇಬ್ರು?"

ಹುಡುಗಿ ನನ್ನನ್ನು ವಿಚಿತ್ರವಾಗಿ ನೋಡಿದಳು.

"ಯಾರೂ ಮಾಡಿಸಿಲ್ರಿ. ಇದು ಮೊದಲಿಂದಾನೂ ಐತಿ."

ಇಳಕಲ್ಲು ಬರುವವರೆಗೆ, ರುಕ್ಸಾನಾಳಿಗೆ ಇದನ್ನು ಹೇಗೆ ಹೇಳಲಿ ಎಂದು ಯೋಚಿಸುತ್ತಲೇ ಕೂತಿದ್ದೆ.