ಸೈಡ್‌ವಾಕಿನ ಮೇಲೆ ನಿಂತ ಬಿಳಿ ಗಾಡಿ

ಟಕ್, ಸರ್ರ್. ಟಕ್, ಸರ್ರ್. ಬೆಳಿಗ್ಗೆ ಹನ್ನೊಂದಕ್ಕೆ ಐದು ನಿಮಿಷ ಇರುವಾಗ ನಮ್ಮ ಅಡುಗೆಮನೆಯ ಕಿಟಕಿಗೆ ಆ ಸದ್ದು ಬರುತ್ತಿತ್ತು. ಬಿಳಿ ಕೋಲಿನ ತುದಿಯ ಪ್ಲಾಸ್ಟಿಕ್ ಗುಂಡು ಕಾಂಕ್ರೀಟಿನ ಮೇಲೆ ಸರಿಯುತ್ತ ಬಂದು ಎರಡು ಚಪ್ಪಡಿಗಳ ನಡುವಿನ ಸಂದಿಗೆ ಬಡಿದರೆ ಟಕ್. ಅದು ಕೇಳಿದ ಮೇಲೇ ನಾನು ಸ್ಟೋವ್ ಹಚ್ಚಿ ಹಾಲಿಡುತ್ತಿದ್ದೆ. ವೈನಿ ನಮ್ಮ ಮೆಟ್ಟಿಲು ಹತ್ತುವಷ್ಟರಲ್ಲಿ ಹಾಲು ಉಕ್ಕಲು ಬಂದಿರುತ್ತಿತ್ತು.

ಅವರು ಧಾರವಾಡದ ಕಡೆಯವರು. ನಮ್ಮ ಬಳಗದಲ್ಲಿ ಎಲ್ಲರಿಗೂ, ಅವರಿಗಿಂತ ದೊಡ್ಡವರಿಗೂ ಸಹ, ಅವರ ಕಡೆ ಅತ್ತಿಗೆಯನ್ನು ಕರೆಯುವ ಹಾಗೆ, ಅವರು ವೈನಿಯೇ. ನಮ್ಮ ಮನೆಯಿಂದ ನಾಲ್ಕು ಮನೆ ಆಚೆ ಒಬ್ಬರೇ ಇದ್ದರು. ಮೂವತ್ತು ವರ್ಷ ಆಸ್ಪತ್ರೆಯ ಲ್ಯಾಬಿನಲ್ಲಿ ಮೈಕ್ರೊಸ್ಕೋಪಿಗೆ ಕಣ್ಣಿಟ್ಟು ಕೂತ ಪೆಥಾಲಜಿಸ್ಟ್. ರಿಟೈರ್ ಆದ ಆರೇ ವರ್ಷಕ್ಕೆ ಗ್ಲಾಕೋಮಾ ಎರಡೂ ಕಣ್ಣು ತೆಗೆದುಕೊಂಡಿತು. ಬೆಳಕು ಎಲ್ಲಿದೆ, ನೆರಳು ಎಲ್ಲಿದೆ ಅನ್ನುವಷ್ಟು ಮಾತ್ರ ಉಳಿದಿತ್ತು.

ಅವರ ಮಗಳು ಮಿಷಿಗನ್ನಿನ ಲಿವೋನಿಯಾದಲ್ಲಿ ಡೆಂಟಿಸ್ಟ್. ತಾಯಿಯನ್ನು ಕರೆದುಕೊಂಡು ಹೋಗುತ್ತೇನೆಂದು ಎರಡು ವರ್ಷದಿಂದ ಹೇಳುತ್ತಲೇ ಇದ್ದಳು. ಕೊನೆಗೆ ತಾಯಿ ಮಗಳು ನಮ್ಮ ಡೈನಿಂಗ್ ಟೇಬಲ್ಲಿನಲ್ಲೇ ಕೂತು ಒಂದು ಒಪ್ಪಂದಕ್ಕೆ ಬಂದರು, ನಾನೇ ಸಾಕ್ಷಿ. ವೈನಿ ಒಂದು ಸಲ ಬಿದ್ದರೂ ಸಾಕು, ಮನೆ ಮಾರಿ ಲಿವೋನಿಯಾಕ್ಕೆ ಹೋಗಬೇಕು.

"ಒನ್ ಫಾಲ್, ಅಮ್ಮಾ. ನೋ ಆರ್ಗ್ಯುಮೆಂಟ್ಸ್," ಎಂದಳು ಮಗಳು.

"ಆತು ಬಿಡವಾ," ಎಂದರು ವೈನಿ. "ಕಣ್ಣ ಹೋಗ್ಯಾವ ಖರೆ, ಕಾಲ ಇನ್ನೂ ನನ್ನ ಮಾತ ಕೇಳತಾವ. ನೀ ಸಣ್ಣಾಕಿ ಇದ್ದಾಗ ಎಷ್ಟ ಸಲ ಬಿದ್ದಿ, ನಿನ್ನ ಯಾರಿಗೆ ಮಾರಿದೆ ನಾ?"

ಹೀಗೆ ಮನೆಗಳ ಮುಂದಿನ ಆ ಸೈಡ್‌ವಾಕ್ ವೈನಿಗೆ ಬರೀ ನಡೆಯುವ ದಾರಿಯಾಗಿ ಉಳಿಯಲಿಲ್ಲ. ಅದರ ಮೇಲೆ ಅವರು ತಮ್ಮ ಮನೆಯನ್ನೇ ಪಣಕ್ಕಿಟ್ಟಿದ್ದರು. ಅವರ ಬಾಗಿಲಿನಿಂದ ನಮ್ಮ ಬಾಗಿಲಿಗೆ ನೂರಾ ಹನ್ನೆರಡು ಹೆಜ್ಜೆ. ಎಲ್ಲಿ ಮೇಪಲ್ ಮರದ ಬೇರು ಚಪ್ಪಡಿಯನ್ನು ಎತ್ತಿದೆ, ಎಲ್ಲಿ ಪಕ್ಕದವರ ಡ್ರೈವ್‌ವೇ ಇಳಿಜಾರಾಗಿ ಬಂದು ಸೇರುತ್ತದೆ, ಎಲ್ಲ ಅವರ ಪಾದಕ್ಕೆ ಗೊತ್ತಿತ್ತು. ಬಂದು ಕೂತು ಮೊದಲ ಗುಟುಕು ಕುಡಿದು, "ಮೇಡಮ್ಮಾರ, ನಿಮ್ಮ ಬೆಂಗಳೂರ ಕಾನ್ವೆಂಟಿನ್ಯಾಗ ಸಿಸ್ಟರ್‌ಗೋಳು ಎಲ್ಲಾ ಕಲಿಸಿದ್ರು, ಕಾಫಿಗೆ ಸಕ್ಕರಿ ಎಷ್ಟು ಅನ್ನೂದೊಂದ ಕಲಿಸಲಿಲ್ಲ," ಎಂದು ದಿನವೂ ಒಂದೇ ಮಾತು.

ನಮ್ಮೂರು ಗ್ಲೆಂಡೇಲ್ ಹೈಟ್ಸ್‌ಗೆ ಆರೇಳು ಮೈಲಿ ದೂರದ ಸಣ್ಣದೊಂದು ಸಬರ್ಬ್. ಊರಿನ ಹೆಸರು ಇಲ್ಲಿ ಬೇಡ. ಆ ವರ್ಷ ವರಮಹಾಲಕ್ಷ್ಮಿ ಪೂಜೆಯನ್ನು ಶುಕ್ರವಾರ ಮನೆಮಟ್ಟಿಗೆ ಮುಗಿಸಿ, ಅರಿಶಿನ ಕುಂಕುಮಕ್ಕೆ ಮಾತ್ರ ಎಲ್ಲರನ್ನೂ ಶನಿವಾರ ಬೆಳಿಗ್ಗೆಗೆ ಕರೆದಿದ್ದೆ. ಡೆಸ್ ಪ್ಲೇನ್ಸ್‌ನಿಂದ, ಗ್ಲೆಂಡೇಲ್ ಹೈಟ್ಸ್‌ನಿಂದ ಹದಿನಾಲ್ಕು ಜನ ಹೆಂಗಸರು, ಒಂಬತ್ತು ಕಾರು. ನಮ್ಮ ರಸ್ತೆಯಲ್ಲಿ ಒಂದೇ ಬದಿಗೆ ಪಾರ್ಕಿಂಗ್. ರೇಷ್ಮೆ ಸೀರೆ ಉಟ್ಟು, ಕೈಯಲ್ಲಿ ತಟ್ಟೆ ಹಿಡಿದು ದೂರದಿಂದ ನಡೆದು ಬರುವುದು ಯಾರಿಗೆ ಬೇಕು? ನಾನೇ ಬಾಗಿಲಲ್ಲಿ ನಿಂತು, "ಡ್ರೈವ್‌ವೇನಲ್ಲೇ ಹಾಕಿಬಿಡಿ, ಒಂದ್ಸ್ವಲ್ಪ ಮುಂದಕ್ಕೆ ತಗೊಳ್ಳಿ, ಇನ್ನೊಂದು ಹಿಡಿಸತ್ತೆ," ಅಂದೆ. ಇನ್ನೊಂದೇನೋ ಹಿಡಿಸಿತು. ಆದರೆ ಕೊನೆಯ ಎರಡು ಕಾರುಗಳ ಹಿಂಭಾಗ ಸೈಡ್‌ವಾಕಿಗೆ ಅಡ್ಡ ನಿಂತಿತು.

ಅದು ನನಗೆ ಕಾಣಲಿಲ್ಲ ಅಂತ ಹೇಳಲಾರೆ. ವೈನಿ ನಮ್ಮ ಬಾಗಿಲ ಮುಂದಿನ ಸಣ್ಣ ದಾರಿಗೆ ತಿರುಗುವುದು ಡ್ರೈವ್‌ವೇಗೂ ಮೊದಲೇ, ಅವರಿಗೆ ತೊಂದರೆಯಿಲ್ಲ ಎಂದು ಲೆಕ್ಕ ಹಾಕಿದ್ದೆ. ಉಳಿದವರ ಬಗ್ಗೆ ಯೋಚಿಸಿರಲಿಲ್ಲ. ಯಾರೋ ಕಂಪ್ಲೇಂಟ್ ಕೊಟ್ಟರು. ಸರಿಯಾಗಿಯೇ ಕೊಟ್ಟರು.

ಹತ್ತೂಮುಕ್ಕಾಲಿಗೆ ಪಾರ್ಕಿಂಗ್ ನೋಡಿಕೊಳ್ಳುವ ಆಫೀಸರ್ ಬಂದ. ಮೂವತ್ತರ ಆಸುಪಾಸಿನ, ಮೆತ್ತಗಿನ ಮನುಷ್ಯ. ತನ್ನ ಬಿಳಿ ಗಾಡಿಯನ್ನು ವೈನಿ ಬರುವ ಕಡೆಯ ಪಕ್ಕದ ಮನೆಯ ಡ್ರೈವ್‌ವೇ ಇಳಿಜಾರಿನಿಂದ ಮೇಲಕ್ಕೆ ಹತ್ತಿಸಿ, ಸೈಡ್‌ವಾಕಿನ ಉದ್ದಕ್ಕೂ ನಿಲ್ಲಿಸಿ, ಹಳದಿ ದೀಪ ಮಿಣುಕಿಸಿ ಇಳಿದ. ಸೈಡ್‌ವಾಕಿಗೆ ಅಡ್ಡ ನಿಂತ ಎರಡು ಕಾರಿಗೆ ದಂಡದ ಟಿಕೆಟ್ ಬರೆಯಲು ಅವನ ಗಾಡಿ ಆ ಸೈಡ್‌ವಾಕನ್ನೇ ಪೂರ್ತಿ ಹಿಡಿದಿತ್ತು.

ಅವನು ಜಗಳವಾಡಲಿಲ್ಲ. ಎರಡು ಟಿಕೆಟ್ ಬರೆದು ವೈಪರಿಗೆ ಸಿಕ್ಕಿಸಿ ತಿರುಗಿದ. ಎಲ್ಲ ಸೇರಿ ನಾಲ್ಕು ನಿಮಿಷ ಆಗಿರಬಹುದು. ಅಷ್ಟಕ್ಕೇ ಹೋಗಿಬಿಟ್ಟಿದ್ದರೆ ನಾನು ಇದನ್ನು ಬರೆಯುತ್ತಲೂ ಇರಲಿಲ್ಲ. ಆದರೆ ಹಬ್ಬದ ದಿನ ಬಾಗಿಲಿಗೆ ಬಂದವರು ಬರಿಗೈಯಲ್ಲಿ ಹೋಗಬಾರದೆನ್ನುವುದು ಅಮ್ಮ ನನ್ನ ಮೈಗೆ ಹತ್ತಿಸಿದ ಅಭ್ಯಾಸ. ಫಾಯಿಲ್ ಪೇಪರಿನಲ್ಲಿ ಎರಡು ಹೋಳಿಗೆ ಸುತ್ತಿಕೊಂಡು ಅವನ ಹಿಂದೆಯೇ ಓಡಿದೆ.

"ಆಫೀಸರ್, ಪ್ಲೀಸ್. ಇಟ್ ಈಸ್ ಅವರ್ ಫೆಸ್ಟಿವಲ್."

"ಥ್ಯಾಂಕ್ ಯು, ಮ್ಯಾಮ್. ಐ ಕಾಂಟ್ ಅಕ್ಸೆಪ್ಟ್ ಎನಿಥಿಂಗ್."

"ಇಟ್ ಈಸ್ ನಾಟ್ ಅ ಗಿಫ್ಟ್. ಇಟ್ ಈಸ್ ಪ್ರಸಾದ. ಯು ಕ್ಯಾನ್‌ನಾಟ್ ಸೇ ನೋ ಟು ಪ್ರಸಾದ."

ಒಲ್ಲೆ ಅಂದವರಿಗೆ ಮೂರು ಸಲವಾದರೂ ಬಲವಂತ ಮಾಡದಿದ್ದರೆ ಉಪಚಾರವೇ ಅಲ್ಲ ನಮಗೆ. ಅವನು ಬೇಡವೆಂದಷ್ಟೂ ನಾನು ದನಿ ಏರಿಸಿದೆ. ಬಾಗಿಲಲ್ಲಿದ್ದ ಹೆಂಗಸರೂ ಸೇರಿಕೊಂಡರು. "ಆಂಟಿ, ಬಿಡಬೇಡಿ, ಒಂದಾದ್ರೂ ತಿನ್ನಿಸಿ," ಎಂದಳು ಟಿಕೆಟ್ ಸಿಕ್ಕವಳೇ. ಅವನು ಕೆಂಪಗಾಗಿ ನಗುತ್ತ, ಹೋಗಲೂ ಆಗದೆ, ತೆಗೆದುಕೊಳ್ಳಲೂ ಆಗದೆ ನಿಂತ. ನಾನು ಹೋಳಿಗೆಯಲ್ಲಿ ಏನೇನು ಹಾಕುತ್ತಾರೆಂದು ವಿವರಿಸತೊಡಗಿದೆ. ಹತ್ತು ನಿಮಿಷ ಅವನನ್ನು ಅಲ್ಲೇ ಕಟ್ಟಿಹಾಕಿದೆ. ಬಿಳಿ ಗಾಡಿ ನಿಂತಲ್ಲೇ ನಿಂತಿತ್ತು.

ಗಾಡಿಯ ಆಚೆಯಿಂದ ಕೋಲು ತಗಡಿಗೆ ಬಡಿದ ಸದ್ದು ಕೇಳಿತು. ಒಂದು ಸಲ, ಮತ್ತೊಂದು ಸಲ. ಆಮೇಲೆ ಏನೋ ಭಾರವಾದದ್ದು ನೆಲಕ್ಕೆ ಬಿತ್ತು. ಕೂಗಲಿಲ್ಲ ಅವರು.

ನಾವು ಓಡಿ ನೋಡುವಾಗ ವೈನಿ ರಸ್ತೆಯಂಚಿನಲ್ಲಿ ಮಗ್ಗುಲಾಗಿ ಬಿದ್ದಿದ್ದರು. ಗಾಡಿಯನ್ನು ಬಳಸಿ ಹೋಗಲು ಹುಲ್ಲಿನ ಪಟ್ಟಿಗೆ ಇಳಿದು, ಅದರಾಚೆ ರಸ್ತೆಗಿಳಿಯುವ ಕರ್ಬಿನ ಅಂಚು ಗೊತ್ತಾಗದೆ ಕಾಲು ಜಾರಿತ್ತು. ಹಸಿರು ಇಳಕಲ್ ಸೀರೆ, ತಲೆಯಲ್ಲಿ ಮಲ್ಲಿಗೆ. ಆಫೀಸರ್ ನನಗಿಂತ ಮೊದಲೇ ಮೊಣಕಾಲೂರಿ ಕೂತು ರೇಡಿಯೊದಲ್ಲಿ ಆಂಬ್ಯುಲೆನ್ಸ್ ಕರೆಯುತ್ತಿದ್ದ. ವೈನಿ ಅವನ ತೋಳು ಹಿಡಿದುಕೊಂಡು ನನ್ನ ಕಡೆಗೆ ಮುಖ ಮಾಡಿದರು. "ಮಗಳಿಗೆ ಫೋನ್ ಮಾಡಬ್ಯಾಡ್ರಿ. ಯಾರೂ ಮಾಡಬ್ಯಾಡ್ರಿ." ನೋವಿಗಿಂತ ಮೊದಲು ಬಂದ ಮಾತು ಅದು.

ಫೋನ್ ಮಾಡದೆ ಇರುವುದಾದರೂ ಹೇಗೆ? ಸೊಂಟದ ಮೂಳೆ ಮುರಿದಿತ್ತು. ಮಗಳು ಅದೇ ದಿನ ಮುನ್ನೂರು ಮೈಲಿ ಡ್ರೈವ್ ಮಾಡಿಕೊಂಡು ಬಂದಳು. ಆಸ್ಪತ್ರೆಯ ಕಾರಿಡಾರಿನಲ್ಲಿ ನನ್ನನ್ನು ತಬ್ಬಿಕೊಂಡು, "ಆಂಟಿ, ಇಟ್ಸ್ ನಾಟ್ ಯುವರ್ ಫಾಲ್ಟ್," ಎಂದಳು. ಹೋಳಿಗೆಯ ವಿಷಯ ಅವಳಿಗೆ ಗೊತ್ತಿರಲಿಲ್ಲ.

ಬೆಂಗಳೂರಿನ ನಮ್ಮ ಕಾನ್ವೆಂಟಿನಲ್ಲಿ ಲೇಟಾಗಿ ಬಂದವರನ್ನು ಗೇಟಿನ ಒಳಗೆ ಸಾಲು ನಿಲ್ಲಿಸುವ ಸಿಸ್ಟರ್ ಒಬ್ಬರಿದ್ದರು. ಒಂದು ದಿನ ಪೆಟಿಕೋಟಿನವರೆಗೂ ನೆಂದು ಅವರೇ ಲೇಟಾಗಿ ಬಂದರು. ಛತ್ರಿ ಮಡಚಿ, ನಮ್ಮ ಸಾಲಿನ ಕೊನೆಗೆ ಹೋಗಿ ನಿಂತರು. ಅಸೆಂಬ್ಲಿ ಮುಗಿಯುವ ತನಕ ಕದಲಲಿಲ್ಲ. ನಾವು ಹುಡುಗಿಯರು ನಗಲಿಲ್ಲ. ಆಸ್ಪತ್ರೆಯ ವೇಟಿಂಗ್ ರೂಮಿನಲ್ಲಿ ಕೂತಾಗ ಅವರೇ ಮತ್ತೆ ಮತ್ತೆ ನೆನಪಾದರು. ಅಲ್ಲೇ ತೀರ್ಮಾನ ಮಾಡಿದೆ, ಊರಿನ ಆಡಳಿತ ನೋಡಿಕೊಳ್ಳುವ ವಿಲೇಜ್ ಬೋರ್ಡಿನ ಮೀಟಿಂಗಿಗೆ ಹೋಗಿ ಕೇಳುತ್ತೇನೆಂದು.

ಸಂಜೆ ಏಳಕ್ಕೆ ಮೀಟಿಂಗ್. ಊರಿನವರು ಯಾರು ಬೇಕಾದರೂ ಮೈಕಿನ ಮುಂದೆ ಮೂರು ನಿಮಿಷ ಮಾತಾಡಬಹುದು. ಬರೆದುಕೊಂಡು ಹೋಗಿದ್ದೆ. ಸೈಡ್‌ವಾಕಿಗೆ ಅಡ್ಡ ಕಾರು ನಿಲ್ಲಿಸಬಾರದು ಅನ್ನುವ ರೂಲ್ ಯಾರಿಗಾಗಿ ಮಾಡಿದ್ದು? ಕಣ್ಣಿಲ್ಲದವರಿಗೆ, ಗಾಲಿ ಕುರ್ಚಿಯವರಿಗೆ, ಸ್ಟ್ರೋಲರ್ ತಳ್ಳುವ ತಾಯಂದಿರಿಗೆ ತಾನೇ? ಹಾಗಾದರೆ ಆ ರೂಲನ್ನು ಕಾಯಲು ಬರುವ ಗಾಡಿಗೆ ಅದು ಅನ್ವಯಿಸುವುದಿಲ್ಲವೆ? ಕೋಲಿನ ತುದಿಗೆ ಪೊಲೀಸ್ ಗಾಡಿಯ ತಗಡೂ ಪಕ್ಕದ ಮನೆಯವರ ಗಾಡಿಯ ತಗಡೂ ಒಂದೇ.

ಪೊಲೀಸ್ ಚೀಫ್ ಶಾಂತವಾಗಿ ಉತ್ತರ ಕೊಟ್ಟರು. ಡ್ಯೂಟಿಯಲ್ಲಿರುವ ಗಾಡಿಗೆ ವಿನಾಯಿತಿ ಇದೆ. ರಸ್ತೆಯಲ್ಲಿ ನಿಲ್ಲಿಸಿದರೆ ಹಿಂದಿನಿಂದ ಬರುವವರು ಗುದ್ದಬಹುದು, ಆಫೀಸರ್‌ಗಳಿಗೂ ಮನೆಯಲ್ಲಿ ಹೆಂಡತಿ ಮಕ್ಕಳಿದ್ದಾರೆ. ಸುಳ್ಳಲ್ಲ ಅದು. ಹೊತ್ತಿ ಉರಿಯುವ ಮನೆಗೆ ಬಂದ ಗಾಡಿ ಎಲ್ಲಿ ನಿಂತರೂ ನಾನು ಕೇಳುವವಳಲ್ಲ. ಆದರೆ ಟಿಕೆಟ್ ಬರೆಯುವುದು ಬೆಂಕಿಯಲ್ಲ. ಎದುರು ಬದಿಯಲ್ಲಿ ನಿಲ್ಲಿಸಿ ಮೂವತ್ತು ಹೆಜ್ಜೆ ನಡೆದು ಬರಬಹುದಿತ್ತು.

"ಮ್ಯಾಮ್, ಆ ದಿನ ಆಫೀಸರ್ ಅಲ್ಲಿ ಎಷ್ಟು ಹೊತ್ತು ಇದ್ದ?" ಎಂದು ಬೋರ್ಡಿನ ಮೆಂಬರ್ ಒಬ್ಬರು ಇಂಗ್ಲಿಷಿನಲ್ಲಿ ಕೇಳಿದರು.

"ಕಾಲು ಗಂಟೆ," ಎಂದೆ. ಯಾಕೆ ಅಷ್ಟು ಹೊತ್ತು ಎಂದು ಅವರು ಕೇಳಲಿಲ್ಲ. ನಾನು ಹೇಳಲಿಲ್ಲ. ಆಫೀಸರ್ ಹಿಂದಿನ ಸಾಲಿನಲ್ಲಿ ಕೂತಿದ್ದ. ಅವನೂ ಹೇಳಲಿಲ್ಲ. ಕೆಂಪು ದೀಪ ಹತ್ತಿತು, ನನ್ನ ಮೂರು ನಿಮಿಷ ಮುಗಿದಿತ್ತು.

ಹೊರಗೆ ಪಾರ್ಕಿಂಗ್ ಲಾಟಿನಲ್ಲಿ ಅವನೇ ಹತ್ತಿರ ಬಂದು ವೈನಿ ಹೇಗಿದ್ದಾರೆಂದು ಕೇಳಿದ. "ಐ ಶುಡ್ ಹ್ಯಾವ್ ಪಾರ್ಕ್ಡ್ ಅಕ್ರಾಸ್ ದ ಸ್ಟ್ರೀಟ್," ಎಂದ. ನಾನು ತಡೆದದ್ದರ ಬಗ್ಗೆ ಒಂದು ಮಾತೂ ಎತ್ತಲಿಲ್ಲ. ರಿಪೋರ್ಟಿನಲ್ಲೂ ಬರೆದಿರಲಿಲ್ಲವೆಂದು ಆಮೇಲೆ ಗೊತ್ತಾಯಿತು.

ವೈನಿಗೆ ಹೇಳದೆ ಇರಲು ನನ್ನಿಂದ ಆಗಲಿಲ್ಲ. ಮತ್ತೆ ನಡೆಯಲು ಕಲಿಸುವ ರಿಹ್ಯಾಬ್ ಸೆಂಟರಿನಲ್ಲಿ ಅವರ ಮಂಚದ ಪಕ್ಕ ಕೂತು ಎಲ್ಲ ಹೇಳಿದೆ. ಅವನು ಆಗಲೇ ಹೊರಟಿದ್ದ, ನಾನೇ ಹಿಡಿದು ನಿಲ್ಲಿಸಿದೆ ಎಂದೆ.

"ಗೊತ್ತದ," ಎಂದರು.

"ನಿಮಗೆ ಹೇಗೆ ಗೊತ್ತು?"

"ನಿಮ್ಮ ದನಿ ನಮ್ಮ ಮನೀ ಬಾಗಲದಿಂದನ ಕೇಳತಿತ್ತು. ಪ್ರಸಾದ ಪ್ರಸಾದ ಅಂತ ಆ ಪೊಲೀಸಂಗ ಬಡಕೋತಿದ್ರಿ. ಗಾಡಿ ಅಡ್ಡ ಬಂತು. ಹಿಂದ ಹೋಗಬೇಕಿತ್ತು ನಾ. ಹೆಂಗೂ ಇಲ್ಲೇ ಅದಾರಲಾ ಅಂತ ದನಿ ಹಿಡದು ಬಂದೆ." ಹೊದಿಕೆ ಸರಿಪಡಿಸಿಕೊಂಡು, "ಹೋಳಗಿ ತಗೊಂಡನೋ ಇಲ್ಲೋ ಕಡೀಕ?" ಎಂದರು.

"ಇಲ್ಲ ವೈನಿ."

"ಶಾಣ್ಯಾ ಇದ್ದಾನ ಹಂಗಾರ. ಬೆಂಗಳೂರ ಹೋಳಗಿ," ಎಂದು ನಕ್ಕರು. ನಾನು ನಗಲಿಲ್ಲ. ನನ್ನ ಕೈ ಹುಡುಕಿ ಹಿಡಿದುಕೊಂಡರು.

ಮುಂದಿನ ತಿಂಗಳು ಮತ್ತೆ ಮೈಕಿನ ಮುಂದೆ ನಿಂತು ಬಿಟ್ಟ ಮಾತನ್ನು ಹೇಳಿದೆ. ನನ್ನ ಅತಿಥಿಗಳ ಕಾರು ಅಡ್ಡ ನಿಂತಿತ್ತು, ನಿಲ್ಲಿಸಲು ಹೇಳಿದವಳು ನಾನು. ಆಫೀಸರನ್ನು ತಡೆದವಳೂ ನಾನು. ಇಷ್ಟಾದ ಮೇಲೂ ನನ್ನ ಪ್ರಶ್ನೆ ಹಾಗೆಯೇ ಇದೆ. ಯಾರ ಗಾಡಿಯೂ ಅಲ್ಲಿ ನಿಲ್ಲದೆ ಇದ್ದಿದ್ದರೆ ನನ್ನ ದಡ್ಡತನ ಬರೀ ದಡ್ಡತನವಾಗಿ ಉಳಿಯುತ್ತಿತ್ತು. ಚಳಿಗಾಲದ ಹೊತ್ತಿಗೆ ಎಮರ್ಜೆನ್ಸಿಯ ಹೊರತು ವಿಲೇಜಿನ ಯಾವ ಗಾಡಿಯೂ ಸೈಡ್‌ವಾಕ್ ಹತ್ತಬಾರದೆಂದು ಆರ್ಡರ್ ಆಯಿತು. ಈಗ ಅವರು ಎದುರು ಬದಿಯಲ್ಲೇ ನಿಲ್ಲಿಸಿ, ಹಿಮವಿದ್ದರೂ, ನಡೆದೇ ಬರುತ್ತಾರೆ.

ಅಷ್ಟರಲ್ಲಿ ವೈನಿಯ ಮನೆ ಮಾರಾಟವಾಗಿತ್ತು.

ಮರುವರ್ಷ ಮೇ ತಿಂಗಳಲ್ಲಿ ನನ್ನ ಮೊಮ್ಮಗಳು ನನ್ನನ್ನು ಲಿವೋನಿಯಾಕ್ಕೆ ಕರೆದುಕೊಂಡು ಹೋದಳು. ವೈನಿಯ ಮಗಳ ಮನೆ ದೊಡ್ಡದು, ಅವರಿಗೆ ಕೆಳಗಡೆಯೇ ರೂಮು, ಹೊತ್ತು ಹೊತ್ತಿಗೆ ಊಟ, ಮಾತಾಡಿಸಲು ಒಬ್ಬ ನರ್ಸ್. ಯಾವುದಕ್ಕೂ ಕಮ್ಮಿಯಿಲ್ಲ. ಆ ಬಡಾವಣೆಯಲ್ಲಿ ಮಾತ್ರ ಸೈಡ್‌ವಾಕೇ ಇರಲಿಲ್ಲ. ಮನೆ, ಹುಲ್ಲು, ಆಮೇಲೆ ನೇರ ರಸ್ತೆ.

"ಎಲ್ಲಿ ನಡೀತೀರಿ ವೈನಿ?"

"ಗರಾಜಿನಿಂದ ಮೇಲ್‌ಬಾಕ್ಸಿನ ತನಕಾ. ಮೂವತ್ತಾರ ಹೆಜ್ಜಿ. ಅಲ್ಲಿಗೆ ಊರ ಮುಗೀತು."

ಸಕ್ಕರೆ ಸರಿಯಾಗಿದ್ದ ಕಾಫಿ ಕುಡಿದೆವು. ಹೊರಡುವಾಗ ಅವರು ವಾಕರ್ ಹಿಡಿದು ಡ್ರೈವ್‌ವೇ ಕೊನೆಯ ತನಕ ಬಂದರು. ಮಗಳು ಹಿಂದೆಯೇ ಇದ್ದಳು, ಮುಟ್ಟಲಿಲ್ಲ. ಕಾಂಕ್ರೀಟ್ ಮುಗಿದು ಟಾರು ಶುರುವಾಗುವಲ್ಲಿ ವಾಕರಿನ ಗಾಲಿ ತಡೆಯಿತು. ವೈನಿ ನಿಂತರು.

ಮೊಮ್ಮಗಳು ಕಾರನ್ನು ರಿವರ್ಸ್ ತೆಗೆದು ರಸ್ತೆಯಲ್ಲಿ ಸ್ವಲ್ಪ ಮುಂದಕ್ಕೆ ನಿಲ್ಲಿಸಿದಳು. ವೈನಿಗೆ ಗೊತ್ತಾಗಲಿಲ್ಲ. ಎದುರು ಮನೆಯ ಕಡೆ ಮುಖ ಮಾಡಿ, ನಾವಿಲ್ಲದ ದಿಕ್ಕಿಗೆ ಕೈ ಬೀಸುತ್ತಿದ್ದರು.

"ಅಜ್ಜಿ, ಶುಡ್ ಐ ಹಾಂಕ್? ಶಿ ಕಾಂಟ್ ಟೆಲ್ ವೇರ್ ವಿ ಆರ್."

"ಬೇಡ ಕಂದ, ಸದ್ದು ಹಿಡಿದು ಬಂದಾರು," ಎಂದೆ.

ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಹಿಂದಿರುಗಿ ನೋಡಿದೆ. ವೈನಿಯ ಕೈ ಇನ್ನೂ ಮೇಲೆಯೇ ಇತ್ತು.